ಹೊಲಿಗೆಯೊಳಗಿನ ಎರಡು ಮೊಳ

ನನ್ನ ಗಂಡ ಅಂಗಾತ ಮಲಗುವವರು. ಮಗ್ಗಲಾದರೆ ಅವರಿಗೆ ನಿದ್ದೆ ಬರುವುದಿಲ್ಲ. ಮದುವೆಯಾದ ವಾರದಲ್ಲೇ ಇದು ನನಗೆ ಗೊತ್ತಾಯಿತು, ಏಕೆಂದರೆ ಕೈಕಾಲು ಚಾಚಿ ಚಾಪೆಯನ್ನೆಲ್ಲ ಅವರೇ ಹಿಡಿದಿದ್ದರು, ನಾನು ಗೋಡೆಗೆ ಅಂಟಿಕೊಂಡಿದ್ದೆ. ಗಂಡನ ಹೆಸರು ಹೇಳಬಾರದು ಎನ್ನುತ್ತಾರೆ. ಕತೆ ಹೇಳುವಾಗ ಹೇಳದೆ ಗತಿಯಿಲ್ಲ, ಒಂದೇ ಒಂದು ಸಲ ಹೇಳಿಬಿಡುತ್ತೇನೆ: ಮಾಬ್ಲೇಶ್ವರ.

ಚಾಪೆಯ ವಿಷಯಕ್ಕೆ ಜಗಳ ಆಡೋಣವೆಂದರೆ ಅವರು ಮನೆಯಲ್ಲಿ ಇದ್ದರಲ್ಲವೇ? ಸಿಡುಬು ಬಾರದಂತೆ ಮಕ್ಕಳ ತೋಳಿಗೆ ಚುಚ್ಚಿ ದೇವಿ ಹಾಕುವ ಸರಕಾರಿ ಕೆಲಸ ಅವರದು. ಅಂಕೋಲೆಯಲ್ಲಿ ಮನೆ ಎಂದು ಹೆಸರಿಗೆ ಇತ್ತು. ಅವರು ಮಾತ್ರ ವರ್ಷವಿಡೀ ಘಟ್ಟದ ಬುಡದಿಂದ ಕಾಳಿ ನದಿಯ ಆಚೆಯವರೆಗೆ ಊರೂರು ತಿರುಗುತ್ತಿದ್ದರು. ತಿಂಗಳಿಗೆ ಮೂರು ದಿನ ಮನೆ. ಅದರಲ್ಲಿ ಒಂದು ದಿನ ನಿದ್ದೆಗೆ, ಒಂದು ದಿನ ಕಾಗದಪತ್ರಕ್ಕೆ. ಉಳಿದ ಒಂದು ದಿನ ನನಗೆ, ಅದೂ ಯಾರೂ ನೆಂಟರು ಬರದಿದ್ದರೆ.

ಮೂವತ್ತಮೂರನೇ ಇಸವಿಯ ಚಳಿಗಾಲದಲ್ಲಿ ಮೇಲಿನಿಂದ ಒಂದು ಕಾಗದ ಬಂತು. ಇನ್ನು ಮೇಲೆ ಎತ್ತಿನ ಗಾಡಿ ಇಲ್ಲ, ಹೊರುವ ಆಳು ಇಲ್ಲ, ಸರಕಾರದ ದೊಡ್ಡ ಡೇರೆಯನ್ನು ಮರಳಿ ಒಪ್ಪಿಸಬೇಕು, ಬೇಕಿದ್ದರೆ ಸ್ವಂತದ್ದು ಹೊತ್ತುಕೊಂಡು ತಿರುಗಬಹುದು. ಊರವರ ಜಗಲಿಯಲ್ಲಿ ಮಲಗಿದರಾಗದೇ ಎಂದು ಕೇಳುವವರಿಗೆ ಹೇಳುತ್ತೇನೆ: ಪೆಟ್ಟಿಗೆಯಲ್ಲಿ ದೇವಿಯನ್ನು ತುಂಬಿಕೊಂಡು ಬರುವವನಿಗೆ ಯಾವ ತಾಯಿಯೂ ಜಗಲಿ ಕೊಡುವುದಿಲ್ಲ. ಕುಡಿಯಲು ಬೆಲ್ಲ ನೀರು ಕೊಡುತ್ತಾರೆ, ಹೊತ್ತು ಮುಳುಗುವ ಮೊದಲು ಹೊರಡಲಿ ಎಂದು ಕಾಯುತ್ತಾರೆ.

ಹಾಗಾಗಿ ಒಬ್ಬನೇ ಹೊರಬಲ್ಲ, ಒಬ್ಬನೇ ಕಟ್ಟಬಲ್ಲ, ಹನ್ನೆರಡು ತಿಂಗಳೂ ತಡೆಯಬಲ್ಲ ಡೇರೆಯೊಂದು ಬೇಕಾಯಿತು. ಅವರು ಆರಿಸಿದ ಚಂದವೇ ಚಂದ. ಮೊದಲು ಕಾರವಾರದ ಹರಾಜಿನಲ್ಲಿ ದಂಡಿನವರ ಹಳೆಯ ಡೇರೆ ನೋಡಿದರು. ಅದರ ಗೂಟಗಳನ್ನು ಹೊರುವುದಕ್ಕೇ ಒಂದು ಕತ್ತೆ ಬೇಕಿತ್ತು. ಆಮೇಲೆ ಕೊಡೆಯ ಬಟ್ಟೆ ತಂದು ಹಿತ್ತಲಲ್ಲಿ ಕಟ್ಟಿ ಕೂತರು. ಹಗುರವೇನೋ ಹೌದು, ಆದರೆ ನಾನು ಎರಡು ಕೊಡ ನೀರು ಸುರಿದದ್ದೇ ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತ ಹೊರಬಂದರು. ಅಗಸೂರಿನ ಬೀರು ಎಂಬ ಹಾಲಕ್ಕಿ ಗೌಡ, ಸೊಪ್ಪು ಮಾರಲು ಬಂದವನು, ಇದನ್ನೆಲ್ಲ ನೋಡಿ ಮರುವಾರ ದೊಡ್ಡದೊಂದು ಗೊರಬು ತಂದುಕೊಟ್ಟ. ಗದ್ದೆ ನೆಡುವವರು ಮಳೆಗೆ ಬೆನ್ನ ಮೇಲೆ ಹೊದೆಯುವ ಎಲೆಯ ಹೊದಿಕೆ ಅದು. ಒಂದು ಹನಿ ಒಳಗೆ ಬರಲಿಲ್ಲ. ಆದರೆ ಅದರಡಿ ಮಲಗಬೇಕಾದರೆ ಮುದುಡಬೇಕು. ಅಂಗಾತ ಮಲಗಿದರೆ ಮೊಣಕಾಲಿನ ಕೆಳಗೆಲ್ಲ ಬಯಲು. ಮುದುಡಿ ಮಲಗುವುದು ಅವರಿಂದ ಆಗದ ಮಾತು.

ಕೊನೆಗೆ ನಾನೇ ಹೇಳಿದೆ, ಚಿತ್ತಾಕುಲಕ್ಕೆ ಹೋಗೋಣ, ಅಪ್ಪನ ಹತ್ತಿರ ಬಟ್ಟೆ ಇದೆ ಎಂದು. ನನ್ನಪ್ಪ ಪುಂಡಲೀಕ ಮಚವೆಗಳಿಗೆ ಹಾಯಿ ಹೊಲಿಯುವವನು. ಗಂಡುಮಕ್ಕಳಿಲ್ಲದ ಅವನು ಸೂಜಿಯನ್ನು ನನ್ನ ಕೈಗೆ ಕೊಟ್ಟಿದ್ದ.

ದಾರಿಯಲ್ಲಿ, ಕಾಳಿ ದಾಟುವ ದೋಣಿಯಲ್ಲಿ, ನಾನು ಬಾಯಿ ಬಿಟ್ಟು ಕೇಳಿದೆ, ನಾನೂ ನಿಮ್ಮ ಸಂಗಡ ಬರಲೇ ಎಂದು. ಆ ಒಂದು ಮಾತು ಹೊರಗೆ ಬರಲು ಎರಡು ವರ್ಷ ಹಿಡಿದಿತ್ತು. ಅವರು ನಕ್ಕರು. ಜಿಗಣೆ, ಜ್ವರ, ಕೆಸರು ಎಂದರು, ಅದು ಹೆಂಗಸರ ದಾರಿಯಲ್ಲ ಎಂದರು. ಒಮ್ಮೆ ಇಲ್ಲ ಅನ್ನಿಸಿಕೊಂಡ ಮೇಲೆ ಮತ್ತೆ ಕೇಳುವವಳಲ್ಲ ನಾನು. ನೀರು ನೋಡುತ್ತ ಕೂತೆ. ಅವರ ಜೊತೆ ಒಂದು ಊರು, ಒಂದೇ ಒಂದು ಊರು ನಡೆದು ನೋಡಬೇಕೆಂಬ ಆಸೆ ಹಾಗೆಯೇ ಒಳಗೆ ಉಳಿಯಿತು.

ಅಪ್ಪ ಅವರನ್ನು ಮರಳಿನ ಮೇಲೆ ಮಲಗಿಸಿದ. ಅಳತೆ ತೆಗೆದವಳು ನಾನು. ಹಾಯಿಯ ಅಳತೆಯನ್ನು ನಾವು ಹೊಲಿಯುವವರ ಕೈಯಿಂದಲೇ ತೆಗೆಯುವುದು, ಗೇಣು ಗೇಣು ಎಣಿಸುತ್ತ. ನೆತ್ತಿಯಿಂದ ಹಿಮ್ಮಡಿಯವರೆಗೆ, ಈ ಭುಜದಿಂದ ಆ ಭುಜದವರೆಗೆ ಕೈಯಿಟ್ಟು ಎಣಿಸುವಾಗ ಲೆಕ್ಕ ತಪ್ಪಿ ಎರಡು ಸಲ ಮೊದಲಿನಿಂದ ಶುರುಮಾಡಿದೆ. ಬೇಕೆಂದೇ ತಪ್ಪಿದೆ ಎಂದು ಈಗ ಹೇಳಿದರೆ ನಾಚಿಕೆಯೇನಿಲ್ಲ.

ತೆಳ್ಳನೆಯ ಹಾಯಿ ಬಟ್ಟೆ, ಏಳು ಪಟ್ಟಿ, ಆರು ಹೊಲಿಗೆ. ತೊಗಟೆಯ ಕಷಾಯದಲ್ಲಿ ಅದ್ದಿ ಕೆಂಪು ಮಾಡಿ, ಹೊಲಿಗೆಗೆಲ್ಲ ಮೇಣ ತಿಕ್ಕಿದೆ. ಒಂದು ಕಡೆ ಮರಕ್ಕೆ ಹಗ್ಗ, ಇನ್ನೊಂದು ಕಡೆ ಅವರ ಊರುಗೋಲು, ಬೇರೆ ಕಂಬವೇ ಬೇಡ. ಸಂಜೆ ಸಮುದ್ರದ ದಂಡೆಯಲ್ಲಿ ಕಟ್ಟಿ ನೋಡಿದೆವು. ಪಡುವಣ ಗಾಳಿ ಬಂದದ್ದೇ ಡೇರೆ ಬಸುರಿಯ ಹಾಗೆ ಉಬ್ಬಿತು, ಊರುಗೋಲನ್ನು ಕಿತ್ತುಕೊಂಡು ಮರಳಿನ ಮೇಲೆ ಹೊರಟೇಹೋಯಿತು. ಇವರು ಪಂಚೆ ಎತ್ತಿಕೊಂಡು ಹಿಂದಿನಿಂದ ಓಡಿದರು. ಅಪ್ಪ ನಗುತ್ತ ಕೆಮ್ಮುತ್ತ ಕೂತುಬಿಟ್ಟ. ತಪ್ಪು ನನ್ನದೇ. ಹಾಯಿಗೆ ಗಾಳಿ ತುಂಬಬೇಕೆಂದು ನಡುವೆ ಬಟ್ಟೆ ಸಡಿಲ ಬಿಟ್ಟು ಹೊಲಿಯುವುದು ನಮ್ಮ ಪದ್ಧತಿ, ಕೈ ತಾನಾಗಿ ಹಾಗೆಯೇ ಹೊಲಿದಿತ್ತು. ಒಂದೇ ಕಡೆ ನಿಲ್ಲಬೇಕಾದ ವಸ್ತುವನ್ನು ನಮ್ಮ ಮನೆಯಲ್ಲಿ ಯಾರೂ ಹೊಲಿದವರಿರಲಿಲ್ಲ.

ಮತ್ತೆ ಬಿಚ್ಚಿ, ಬಿಗಿಯಾಗಿ ಹೊಲಿಯಬೇಕಾಯಿತು. ಹೆಚ್ಚಾದ ಬಟ್ಟೆಯನ್ನು ಬೇರೆ ಯಾರಾದರೂ ಆಗಿದ್ದರೆ ಕತ್ತರಿಸಿ ಬಿಸಾಡುತ್ತಿದ್ದರು. ಹಾಯಿ ಹೊಲಿಯುವವರು ಬಟ್ಟೆಗೆ ಕತ್ತರಿ ಹಾಕುವುದಿಲ್ಲ, ಹೊಲಿಗೆಯ ಒಳಗೆ ಮಡಚಿ ಇಡುತ್ತಾರೆ. ನಾಳೆ ಅದೇ ಹಾಯಿ ದೊಡ್ಡ ಮಚವೆಗೆ ಹೋದರೆ ಬಿಚ್ಚಿ ಅಗಲ ಮಾಡಿಕೊಳ್ಳಬಹುದು. ನಾನೂ ಮಡಚಿದೆ. ಮಡಚುತ್ತ ಮಡಚುತ್ತ ನನಗೆ ಬೇರೆಯೇ ಯೋಚನೆ ಬಂತು. ಅಪ್ಪನಿಂದ ಇನ್ನಷ್ಟು ಬಟ್ಟೆ ಕೇಳಿ, ಪಟ್ಟಿಗಳ ಅಂಚಿಗೆ ಸೇರಿಸಿ, ಪ್ರತಿ ಹೊಲಿಗೆಯಲ್ಲೂ ಆಚೆಗೆ ನಾಲ್ಕು ಬೆರಳು, ಈಚೆಗೆ ನಾಲ್ಕು ಬೆರಳು ಒಳಗಿಟ್ಟೆ. ಆರೂ ಹೊಲಿಗೆ ಬಿಚ್ಚಿದರೆ ಎರಡು ಮೊಳ. ಎರಡು ಮೊಳದಲ್ಲಿ ನನ್ನಂಥವಳು ಒಬ್ಬಳು ಸುಖವಾಗಿ ಮಲಗಬಹುದು.

ಇವರು ಡೇರೆಯನ್ನು ಬೆನ್ನಿಗೆ ಹೊತ್ತು ನೋಡಿ, ಹೇಳಿದ್ದಕ್ಕಿಂತ ತೂಕ ಎರಡು ರತ್ತಲು ಹೆಚ್ಚಿದೆಯಲ್ಲ ಎಂದರು. ಹಾಯಿ ಬಟ್ಟೆ ಹಾಗೆಯೇ ಎಂದೆ. ಮಿರುಗದ ಮಳೆ ಹಿಡಿದ ದಿನ ಬೆನ್ನಿಗೆ ಕಟ್ಟಿಕೊಂಡು ಹೊರಟರು.

ಆ ಮಳೆಗಾಲವನ್ನು ನಾನು ಹೇಗೆ ಕಳೆದೆನೋ. ಹಳ್ಳಗಳು ತುಂಬಿ ದಾರಿ ಕಡಿದಿತ್ತು, ತಿಂಗಳ ಮೂರು ದಿನಗಳೂ ಹೋದವು. ಸಂಜೆ ದೀಪ ಹಚ್ಚುವಾಗ, ಈಗ ಯಾವ ಮರಕ್ಕೆ ಹಗ್ಗ ಕಟ್ಟುತ್ತಿರಬಹುದು ಎಂದುಕೊಳ್ಳುತ್ತಿದ್ದೆ. ಚಾಪೆ ಪೂರ್ತಿ ನನ್ನದಾಗಿತ್ತು, ಆದರೂ ನಾನು ಗೋಡೆಗೇ ಅಂಟಿ ಮಲಗುತ್ತಿದ್ದೆ. ಅಷ್ಟು ಬೇಕೆನ್ನಿಸುತ್ತಿತ್ತು ಅವರು, ಆ ಗೊರಕೆ ಸಹಿತ. ಒಂದೇ ಸಮಾಧಾನವೆಂದರೆ ನನ್ನ ಎರಡು ಮೊಳ ಅವರ ಬೆನ್ನ ಮೇಲೆ ಊರೂರು ತಿರುಗುತ್ತಿದೆ ಎಂಬುದು. ಬೀರು ಸೊಪ್ಪು ತಂದಾಗ ಸುದ್ದಿ ತರುತ್ತಿದ್ದ. ಅಗಸೂರಿನ ಹೊಳೆಯಂಚಿಗೆ ಕೆಂಪು ಡೇರೆ ಬಂದಿತ್ತು, ಮಕ್ಕಳೆಲ್ಲ ನೋಡಲು ಹೋಗಿ ಸಿಕ್ಕಿಬಿದ್ದು ಚುಚ್ಚಿಸಿಕೊಂಡವು ಎಂದ. ಆ ದಿನ ಅವನ ಸೊಪ್ಪನ್ನೆಲ್ಲ ನಾನೇ ಕೊಂಡೆ.

ಚೌತಿಗೆ ಎರಡು ದಿನವಿದೆ ಎನ್ನುವಾಗ ಬಂದರು. ಬಡವಾಗಿದ್ದರು, ಗಡ್ಡ ಬಂದಿತ್ತು. ಕಾಲು ತೊಳೆಯುವ ಮೊದಲೇ ಡೇರೆಯನ್ನು ನನ್ನ ಕೈಗಿಟ್ಟು, ಎತ್ತಿ ನೋಡು ಎಂದರು. ಹಗುರವಾಗಿತ್ತು. ಜ್ವರ ಬಂದು ಎದ್ದ ಮೇಲೆ ಭಾರ ಹೊರಲಾಗಲಿಲ್ಲವಂತೆ. ಎಲ್ಲಿಯ ತೂಕ ಇದು ಎಂದು ತಡಕಿದರೆ ಹೊಲಿಗೆಯ ಒಳಗೆ ಸುಮ್ಮನೆ ಬಟ್ಟೆ ಮಡಚಿಟ್ಟಿತ್ತಂತೆ. ಹೊರಗಿನ ಹೊಲಿಗೆ ಮುಟ್ಟದೆ ಒಳಗಿನದ್ದನ್ನು ಬಿಚ್ಚಿ, ದೇವಿ ಚುಚ್ಚುವ ಚೂರಿಯಿಂದಲೇ ಕೊಯ್ದುಬಿಟ್ಟರಂತೆ. ಶಾಲೆಯ ಹುಡುಗ ಪಾಠ ಒಪ್ಪಿಸಿದ ಹಾಗೆ ನನ್ನ ಮುಖ ನೋಡಿದರು.

ಬಚ್ಚಲಿಗೆ ನೀರು ತೋಡಿಟ್ಟೆ. ಅವರ ಚೀಲ ಬಿಚ್ಚಿ ಬಟ್ಟೆ ಒಗೆಯಲು ತೆಗೆಯುವಾಗ ತಳದಲ್ಲಿ ಕೆಂಪು ಸುರುಳಿಯೊಂದು ಸಿಕ್ಕಿತು. ಹನ್ನೆರಡು ಪಟ್ಟಿ, ನಾಲ್ಕು ಬೆರಳು ಅಗಲದ್ದು, ದಾರದಿಂದ ಅಚ್ಚುಕಟ್ಟಾಗಿ ಕಟ್ಟಿದ್ದು.

ಸ್ನಾನ ಮಾಡಿ ಬಂದವರಿಗೆ ಅದನ್ನು ತೋರಿಸಿ, ಭಾರವೆಂದು ಕೊಯ್ದದ್ದನ್ನು ಹೊತ್ತುಕೊಂಡೇ ಬಂದಿರಲ್ಲ ಎಂದೆ.

"ನೀ ಹೊಲಿದದ್ದು," ಎಂದರು. "ಬಿಸಾಡೂಕೆ ಮನಸ್ಸು ಬರ್ಲಿಲ್ಲ."

ಅಷ್ಟು ಹೊತ್ತು ತಡೆದದ್ದು ಆಗ ತಡೆಯಲಾಗಲಿಲ್ಲ. ಅಳುತ್ತಲೇ ಹೇಳಿದೆ, "ಅದು ನನ್ನ ಜಾಗ ಆಗಿತ್ತು."

ಅವರಿಗೆ ಅರ್ಥವಾಗಲಿಲ್ಲ. ಆರು ಹೊಲಿಗೆಯ ಲೆಕ್ಕವನ್ನು ಬೆರಳು ಮಡಚಿ ಮಡಚಿ ಹೇಳಿಕೊಟ್ಟೆ. ಕೇಳುತ್ತ ಕೇಳುತ್ತ ನೆಲಕ್ಕೆ ಕೂತರು.

"ಹೇಳೂಕೆ ಆಗ್ತಿರ್ಲಿಲ್ವ ನಿಂಗೆ?"

"ದೋಣಿಯಲ್ಲಿ ಹೇಳಿದ್ದೆ. ನೀವು ನಕ್ಕಿದ್ರಿ."

ಅವರು ಎದ್ದರು. ಗೂಡಿನಿಂದ ಸೂಜಿ ಮೇಣ ತಂದು ನನ್ನ ಮುಂದೆ ಇಟ್ಟರು, ಮೇಣ ತಾವೇ ತಿಕ್ಕಿದರು. ಚೌತಿಯ ಕಡುಬು ಆ ವರ್ಷ ನಮ್ಮ ಮನೆಯಲ್ಲಿ ತಡವಾಗಿ ಬೆಂದಿತು. ಕೊಯ್ದ ಬಟ್ಟೆ ಕೊಯ್ಯುವ ಮೊದಲಿನ ಬಟ್ಟೆಯಲ್ಲ. ಹನ್ನೆರಡು ಪಟ್ಟಿ ಡೇರೆಗೆ ಕೂಡಿಸುವಾಗ ಒಂದೊಂದರಲ್ಲೂ ಎರಡು ಬೆರಳನ್ನು ಹೊಸ ಹೊಲಿಗೆಯೇ ತಿಂದಿತು. ಎರಡು ಮೊಳದಲ್ಲಿ ಒಂದೇ ಮೊಳ ಮರಳಿ ಬಂತು.

ಹಬ್ಬದ ಮರುದಿನ ಮಧ್ಯಾಹ್ನ ಡೇರೆಯನ್ನು ಜಗಲಿಯ ಕಂಬಕ್ಕೆ ಕಟ್ಟಿ ಒಳಗೆ ಮಲಗಿ ನೋಡಿದೆವು. ಅವರು ಅಂಗಾತ ಮಲಗಿದರು, ನನ್ನ ಅರ್ಧ ಮೈ ಹೊರಗೆ ಉಳಿಯಿತು. ಒಬ್ಬರಿಗೆ ಹೆಚ್ಚು, ಇಬ್ಬರಿಗೆ ಕಡಿಮೆ. ಸಾಲುವುದಿಲ್ಲ ಬಿಡಿ ಎಂದೆ, ಎದ್ದು ಹಗ್ಗ ಬಿಚ್ಚಲು ಹೋದೆ. ಅವರು ನನ್ನ ಕೈ ಹಿಡಿದರು.

"ನಾಡಿದ್ದು ಅರ್ಗಾಕ್ಕೆ ಹೋಗೂದು ಅದೆ. ಎರಡೇ ಸೀರೆ ಗಂಟು ಕಟ್ಕೋ, ಭಾರ ಆಗ್ತದೆ."

ಹೀಗೆಂದವರು, ಹುಟ್ಟಿ ಮೂವತ್ತು ವರ್ಷ ಅಂಗಾತವೇ ಮಲಗಿದ ಮನುಷ್ಯ, ಗೋಡೆಯ ಕಡೆಗೆ ಮಗ್ಗಲಾದರು.