ಉರಿಯದ ಬೆನ್ನು

"ಇನ್ನೂ ಉರೀತಿಲ್ವಾ?"

"ಇಲ್ವಲ್ಲೇ. ಚೆನ್ನಾಗಿದೆ. ಇನ್ನೊಂಚೂರು ಕೆಳಗೆ... ಹಾಂ, ಅಲ್ಲೇ ಉಜ್ಜು," ಎಂದ ಗಂಡ, ಬೋರಲು ಮಲಗಿ, ಮುಖವನ್ನು ದಿಂಬಿನಲ್ಲಿ ಹುದುಗಿಸಿಕೊಂಡು.

ಅವಳು ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಎಂಬತ್ತಾರು, ಎಂಬತ್ತೇಳು. ಮೆಣಸಿನಕಾಯಿ ಎಣ್ಣೆಗೆ ತನ್ನದೇ ಲೆಕ್ಕವಿದೆ. ಮಣಿಕಟ್ಟಿನ ತೆಳು ಚರ್ಮಕ್ಕೆ ಇಪ್ಪತ್ತು ಎಣಿಸುವಷ್ಟರಲ್ಲಿ ಹತ್ತಿಕೊಳ್ಳುತ್ತದೆ, ಭುಜಕ್ಕೆ ನಲವತ್ತು, ಎಂಥ ಎಮ್ಮೆಚರ್ಮದ ಬೆನ್ನಾದರೂ ಎಪ್ಪತ್ತು ದಾಟುವುದಿಲ್ಲ. ದಾಟುವ ಮೊದಲೇ ಮಲಗಿದವರು "ಉರಿ, ಉರಿ" ಎಂದು ಎದ್ದು ಕೂರುತ್ತಾರೆ. ನೂರು ಮುಟ್ಟಿತು. ನೂರ ಹತ್ತಕ್ಕೆ ಅವಳು ಎಣಿಸುವುದನ್ನು ಬಿಟ್ಟಳು.

"ಎಣ್ಣೆ ಬದಲಾಯ್ಸಿದ್ಯೇನೆ? ತಣ್ಣಗಿದೆ ಕಣೇ," ಎಂದ ಗಂಡ.

ಅವಳು ಬಗ್ಗಿ ನೋಡಿದಳು. ಬೆನ್ನು ಕೆಂಪಾಗಿರಲೂ ಇಲ್ಲ. ಒಣ ಮಣ್ಣು ನೀರು ಕುಡಿದ ಹಾಗೆ ಚರ್ಮ ಎಣ್ಣೆಯನ್ನು ಕುಡಿದು ಮೊದಲಿನ ಬಣ್ಣದಲ್ಲೇ ಇತ್ತು. ಬಟ್ಟಲನ್ನು ನೆಲಕ್ಕಿಟ್ಟು, "ಸಾಕು ಏಳಿ, ಒಲೆ ಮೇಲೆ ನೀರಿಟ್ಟು ಬಂದಿದೀನಿ," ಎಂದು ಅಡುಗೆಮನೆಗೆ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ.

ಬೀದಿಯವರು ಅವಳನ್ನು ಕರೆಯುತ್ತಿದ್ದದ್ದು ಉರಿಯಕ್ಕ ಎಂದೇ. ಹೆತ್ತವರು ಇಟ್ಟ ಹೆಸರು ಯಾರಿಗೂ ಬೇಕಾಗಿರಲಿಲ್ಲ, ಅವಳಿಗೂ ಅಷ್ಟಾಗಿ ಬೇಕಾಗಿರಲಿಲ್ಲ. ಮನೆಯ ಹಿಂದೆ ನಾಲ್ಕು ಮಡಿ ತರಕಾರಿ. ಹಾಲುಣಿಸುವ ತಾಯಿಗೆ ಎದೆ ಬಾತರೆ ಕೋಸಿನ ಎಲೆ, ಕುರುವಿಗೆ ಸುಟ್ಟ ಈರುಳ್ಳಿ, ಕೆಮ್ಮಿಗೆ ಮೂಲಂಗಿ ರಸ, ಅಜೀರ್ಣಕ್ಕೆ ಶುಂಠಿ. ಮುಕ್ಕಾಲು ಪಾಲು ಜಾಗ ಮಾತ್ರ ಮೆಣಸಿನ ಗಿಡಗಳದ್ದು. ಹಣ್ಣಾದ ಕಾಯನ್ನು ಒಣಗಿಸಿ, ಬೀಜದ ಸಮೇತ ಮುರಿದು, ಬೆಳ್ಳುಳ್ಳಿಯ ಜೊತೆ ಎಳ್ಳೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿ, ಹತ್ತು ದಿನ ಬಿಸಿಲಿಗಿಟ್ಟು ಬಟ್ಟೆಯಲ್ಲಿ ಸೋಸುತ್ತಿದ್ದಳು. ಕೀಲುನೋವು, ಉಳುಕು, ಹಿಡಿದುಕೊಂಡ ಕತ್ತು, ಎಲ್ಲದಕ್ಕೂ ಅದೇ.

ಮುಂದಿನ ಕೋಣೆಯಲ್ಲಿ ಗಂಡನ ಬೀಗದ ಅಂಗಡಿ. ಹಿಂದಿನ ಕೋಣೆಯಲ್ಲಿ ಅವಳ ಮಂಚ. ನಡುವೆ ಒಂದು ಹಲಗೆಯ ಗೋಡೆ, ಅಷ್ಟೇ. ಈಚೆ ಯಾರಾದರೂ "ಅಯ್ಯಯ್ಯೋ ಉರಿ" ಎಂದು ಕಿರುಚಿದರೆ, ಆಚೆಯಿಂದ ಗಂಡ ಬೀಗದ ಕೈಗೆ ಅರ ಉಜ್ಜುತ್ತಲೇ, "ಬಿಡಬೇಡ, ಇನ್ನೊಂದು ಸೌಟು ಹಾಕು!" ಎಂದು ಕೂಗುತ್ತಿದ್ದ. ಅದನ್ನು ಕೇಳಲೆಂದೇ ಬರುವವರೂ ಇದ್ದರೆಂದು ಕಾಣುತ್ತದೆ. ಮಕ್ಕಳಿಲ್ಲದ ಮನೆ, ಇದ್ದದ್ದು ಎರಡು ಜೀವ, ಎರಡು ನಾಲಿಗೆ. ಅವಳಿಗೆ ಊಟಕ್ಕೆ ಹಸಿಮೆಣಸಿನಕಾಯಿ ಕಚ್ಚಿಕೊಳ್ಳದಿದ್ದರೆ ಅನ್ನ ಇಳಿಯದು, ಅವನಿಗೆ ಮೆಣಸಿನಕಾಯಿ ಹೆಚ್ಚಿದ ಚಾಕು ತಾಗಿದರೂ ಕಣ್ಣಲ್ಲಿ ನೀರು. ಹಾಗಾಗಿ ಒಂದೇ ಬದನೆಕಾಯಿಯನ್ನು ಎರಡು ಪಾತ್ರೆಯಲ್ಲಿ ಬೇಯಿಸಿಕೊಂಡು ಮೂವತ್ತೊಂದು ವರ್ಷ ಸಂಸಾರ ಮಾಡಿದ್ದರು.

ಇಪ್ಪತ್ತು ವರ್ಷದಲ್ಲಿ ನೂರರ ಎಣಿಕೆ ಮುಟ್ಟಿದವರು ಮೂರೇ ಜನ. ಮೊದಲನೆಯವರು ಬೇಕರಿಯವನ ತಾಯಿ. ಮೊಣಕಾಲಿಗೆ ಹಚ್ಚಿಸಿಕೊಂಡು, "ತಣ್ಣಗಿದೆಯಲ್ಲಮ್ಮ," ಎಂದು ಹೋದವರು ಆರನೆಯ ದಿನ ಏಳಲೇ ಇಲ್ಲ. ವಯಸ್ಸಾಗಿತ್ತು, ಯಾರಿಗೂ ಏನೂ ಅನ್ನಿಸಲಿಲ್ಲ, ಅವಳಿಗೂ. ಎರಡನೆಯವರು ಅಂಚೆಯವರು. ಕಲ್ಲುಗುಂಡಿನಂಥ ಆಳು. "ತಣ್ಣಗಿದೆ, ನಿನ್ನ ಎಣ್ಣೆಗೆ ಮುಪ್ಪು ಬಂತಲ್ಲ ಉರಿಯಕ್ಕ," ಎಂದು ನಕ್ಕಿದ್ದರು. ಒಂಬತ್ತನೆಯ ದಿನ ಯಾರದೋ ಗೇಟಿನ ಮುಂದೆ ಕಾಗದ ಕೈಯಲ್ಲಿದ್ದ ಹಾಗೆಯೇ ಕುಸಿದರು. ಮೂರನೆಯದನ್ನು ಅವಳು ಇಂದಿಗೂ ಮರೆತಿಲ್ಲ. ಹೊಲಿಗೆಯವಳ ತಂಗಿ, ಮೂವತ್ತು ತುಂಬಿರದ ಹುಡುಗಿ, ಮಣಿಕಟ್ಟು ಉಳುಕಿತ್ತು. ಇಪ್ಪತ್ತಾಯಿತು, ಐವತ್ತಾಯಿತು, ನೂರಾಯಿತು. ಅವಳು ಮತ್ತೆ ಮತ್ತೆ ಎಣ್ಣೆ ಸುರಿದು ಉಜ್ಜಿದಳು, ಹುಡುಗಿ ಮುದ್ದಾಗಿ ನಗುತ್ತಾ, "ತಣ್ಣಗಿದೆ ಅಕ್ಕಾ, ಯಾಕೆ ಅಳ್ತೀರಿ?" ಎಂದಿದ್ದಳು. ಐದು ದಿನ.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಎರಡೇ ದಾರಿ: ನಂಬದವರು ಹುಚ್ಚಿ ಅನ್ನುತ್ತಾರೆ, ನಂಬಿದವರು ಕಲ್ಲು ಹೊಡೆಯುತ್ತಾರೆ. ಗಂಡನಿಗೂ ಹೇಳಿರಲಿಲ್ಲ. ಅವನು ಬೀಗ ರಿಪೇರಿ ಮಾಡುವವನೇ ಹೊರತು ಬಾಯಿಗೆ ಬೀಗ ಹಾಕಿಕೊಳ್ಳುವವನಲ್ಲ ಎಂದುಕೊಂಡಿದ್ದಳು. ಈಗ ಆ ಮಂಚದ ಮೇಲೆ ಅವನೇ.

ಮೊದಲ ದಿನವೆಲ್ಲ ಅವಳು ಎಣ್ಣೆಯನ್ನೇ ಬೈದಳು. ಈ ಸಲ ಮಳೆ ಜಾಸ್ತಿ, ಕಾಯಲ್ಲಿ ಖಾರವೇ ಕೂತಿಲ್ಲ, ಅದಕ್ಕೇ ಹೀಗೆ ಎಂದು ಬಾಯಿಬಿಟ್ಟು ಹೇಳಿಕೊಂಡಳು. ಸಂಜೆ ತನ್ನ ಮೊಣಕೈ ಒಳಮಗ್ಗುಲಿಗೆ ಎರಡು ಹನಿ ಹಾಕಿ ನೋಡಿದಳು. ಹದಿನೆಂಟಕ್ಕೇ ಹತ್ತಿಕೊಂಡಿತು. ಮರುದಿನ ಪಕ್ಕದ ಮನೆಯ ನರ್ಸಮ್ಮ ಕತ್ತು ಹಿಡಿದುಕೊಂಡಿದೆ ಎಂದು ಬಂದಳು. ಅದೇ ಬಟ್ಟಲಿನ ಎಣ್ಣೆ. ಮೂವತ್ತು ಎಣಿಸುವ ಮೊದಲೇ, "ಅಮ್ಮಾ! ಬೆಂಕಿ ಇಟ್ರಾ?" ಎಂದು ಮಂಚದಿಂದ ಹಾರಿದಳು. ಆಚೆಯಿಂದ ಗಂಡ, "ಇನ್ನೊಂದು ಸೌಟು!" ಎಂದ. ಉರಿಯಕ್ಕನಿಗೆ ನಗು ಬರಲಿಲ್ಲ.

"ನರ್ಸಮ್ಮ, ಒಂದು ಮಾತು. ಯಾರಿಗಾದ್ರೂ ಇದು ಹಚ್ಚಿದ್ರೂ ಉರಿಯೋದೇ ಇಲ್ಲ ಅಂದ್ರೆ?"

"ಸಕ್ಕರೆ ಕಾಯಿಲೆ ಇದ್ರೆ ಹಾಗಾಗುತ್ತೆ ಅಕ್ಕ. ಚರ್ಮಕ್ಕೆ ಸ್ಪರ್ಶ ಹೋಗುತ್ತೆ. ಯಾರಿಗೆ?"

"ಇವರಿಗೆ."

"ಹಾಗಾದ್ರೆ ನಾಳೆನೇ ಆಸ್ಪತ್ರೆಗೆ ಕರ್ಕೊಂಡು ಬನ್ನಿ. ಗಂಡಸರು ಅವರಾಗೇ ಬರೋರಲ್ಲ."

ಸಕ್ಕರೆ ಕಾಯಿಲೆ ಇರಲಿ ದೇವರೇ ಎಂದು ಬೇಡಿಕೊಂಡ ಹೆಂಡತಿ ಜಗತ್ತಿನಲ್ಲಿ ಅವಳೊಬ್ಬಳೇ ಇರಬೇಕು. ಮೂರನೆಯ ದಿನ ಆಸ್ಪತ್ರೆಯಲ್ಲಿ ರಕ್ತ ನೋಡಿದರು, ಎದೆಯ ಪಟ ತೆಗೆದರು, ಹೃದಯಕ್ಕೆ ತಂತಿ ಹಚ್ಚಿದರು. ಡಾಕ್ಟರು ಬೆನ್ನಿನ ಮೇಲೆ ಸೂಜಿಮೊನೆ ಒತ್ತಿದಾಗ ಗಂಡ, "ಅಯ್ಯೋ ಸಾರ್, ಬೀಗದ ಹಾಗೆ ತೂತು ಮಾಡಿ ಬಾಗಿಲಿಗೆ ಹಾಕ್ತೀರಾ?" ಎಂದು ಹಾರಿಬಿದ್ದ. ಸೂಜಿ ಗೊತ್ತಾಗುತ್ತಿತ್ತು, ಐಸು ಗೊತ್ತಾಗುತ್ತಿತ್ತು, ಬಿಸಿನೀರೂ ಗೊತ್ತಾಗುತ್ತಿತ್ತು.

"ಏನೂ ಇಲ್ಲಮ್ಮ," ಎಂದರು ಡಾಕ್ಟರು. "ಬಗ್ಗಿ ಕೂತು ಕೆಲಸ ಮಾಡ್ತಾರೆ, ಬೆನ್ನು ಹಿಡಿದಿದೆ. ನನಗಿಂತ ಗಟ್ಟಿಯಾಗಿದ್ದಾರೆ."

"ಇನ್ನೊಂದು ಸಲ ನೋಡಿ ಡಾಕ್ಟ್ರೇ."

"ಏನು ನೋಡ್ಲಿ?"

ಏನೆಂದು ಹೇಳುತ್ತಾಳೆ? ಗಂಡ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಅವಳನ್ನೇ ನೋಡುತ್ತಿದ್ದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವನನ್ನು ಕೂರಿಸಿ ತಾನು ಈಚೆ ಕೂತಳು. ಅವಳಿಗೆ ಭಯವಾಗಿತ್ತು. ಸುತ್ತಿ ಬಳಸಿ ಹೇಳುವುದೇನಿದೆ, ಈ ಮನುಷ್ಯನಿಲ್ಲದ ಮನೆಯನ್ನು ನೆನೆಸಿಕೊಳ್ಳಲೂ ಅವಳಿಂದ ಆಗುತ್ತಿರಲಿಲ್ಲ. ಅವನ ಕಿವಿಯ ಮೇಲಿನ ಬಿಳಿಕೂದಲು, ಉಗುರಿನ ಸಂದಿಯ ಹಿತ್ತಾಳೆ ಪುಡಿ, ಎಲ್ಲವನ್ನೂ ಕದ್ದು ಕದ್ದು ನೋಡಿದಳು. ಅವನು ಹೊರಗೆ ನೋಡುತ್ತಾ, ಯಾರಿಗೋ ಹೇಳುವವನಂತೆ, "ಆ ಡಾಕ್ಟ್ರ ಟೇಬಲ್ ಡ್ರಾಯರಿನ ಬೀಗ ನೋಡಿದ್ಯಾ? ಗುದ್ದಿದ್ರೆ ತೆರ್ಕೊಳ್ಳುತ್ತೆ," ಎಂದ. ಅವಳು ನಕ್ಕಂತೆ ಮಾಡಿದಳು. ಅವನೂ ಅಷ್ಟೇ.

ನಾಲ್ಕನೆಯ ದಿನ ಅವನಾಗಿಯೇ ಅಂಗಿ ಬಿಚ್ಚಿ ಮಂಚದ ಮೇಲೆ ಬಿದ್ದುಕೊಂಡ. "ಬಾರೇ, ಹಚ್ಚು. ನೋವು ತಡೆಯಕ್ಕಾಗ್ತಿಲ್ಲ."

ಅವಳಿಗೆ ಹಚ್ಚಲು ಮನಸ್ಸಿರಲಿಲ್ಲ. ಆದರೂ ಹಚ್ಚಿದಳು. ಎಣಿಸಬಾರದು ಎಂದುಕೊಂಡಳು, ತುಟಿ ತನ್ನಷ್ಟಕ್ಕೆ ಎಣಿಸತೊಡಗಿತು. ಅರವತ್ತೆರಡು, ಅರವತ್ತಮೂರು.

"ಆಯ್! ಉರೀತಿದೆ ಕಣೇ! ಉರಿ, ಉರಿ! ಸಾಯಿಸ್ತೀಯೇನೇ?"

ಅವಳು ಹಾಗೆಯೇ ಮಂಚದ ಅಂಚಿಗೆ ಕುಸಿದು ಕೂತಳು. ಹೋದ ಜೀವ ಬಂದಂತಾಯಿತು. "ಉರೀತಾ? ನಿಜವಾಗ್ಲೂ ಉರೀತಾ?" ಎಂದು ನಾಲ್ಕು ಸಲ ಕೇಳಿದಳು. "ಇಲ್ಲ, ಹೂವಿನ ಹಾಸಿಗೆ ಮೇಲೆ ಮಲಗಿದೀನಿ! ಒರೆಸೇ ಪುಣ್ಯಾತ್ಗಿತ್ತಿ!" ಎಂದು ಅವನು ಕೂಗಾಡಿದ. ಅವತ್ತು ಅವಳು ಹಿತ್ತಲಿನ ಅರ್ಧವನ್ನು ಕಿತ್ತು ಒಲೆಗೇರಿಸಿದಳು. ಕುಂಬಳಕಾಯಿ, ಬೀನ್ಸು, ಎಳೆ ಮೂಲಂಗಿ, ಎಲ್ಲ ಅವನ ಪಾತ್ರೆಗೇ, ಒಂದು ಚೂರೂ ಖಾರವಿಲ್ಲದೆ. ತಾನೂ ಅದರಲ್ಲೇ ಉಂಡಳು. ಅವನು, "ಏನಿದು, ಸೂರ್ಯ ಎಲ್ಲಿ ಹುಟ್ಟಿದ ಇವತ್ತು?" ಎಂದು ಗೇಲಿ ಮಾಡಿದ.

ಬೆನ್ನು ಕೆಂಪಾಗಿರಲಿಲ್ಲ ಎನ್ನುವುದನ್ನು ಅವಳು ಕಂಡಿದ್ದಳು. ಒರೆಸುವಾಗಲೇ ಕಂಡಿದ್ದಳು. ಕಂಡೂ ಕಾಣದವಳಂತೆ ಇದ್ದಳು, ಅಷ್ಟೇ.

ಐದನೆಯ ದಿನವೂ ಅವನು ಕೂಗಿದ. ಆ ಸಲವೂ ಸರಿಯಾಗಿ ಅರವತ್ತಮೂರಕ್ಕೆ. ಮೈಯೆನ್ನುವುದು ಗಡಿಯಾರವಲ್ಲ, ಒಂದು ದಿನ ಐವತ್ತಾದರೆ ಇನ್ನೊಂದು ದಿನ ಎಪ್ಪತ್ತು. ಯಾರಾದರೂ ಜೊತೆಗೆ ಎಣಿಸುತ್ತಿದ್ದರೆ ಮಾತ್ರ ಅಷ್ಟು ಸರಿಯಾಗಿ ಬರುತ್ತದೆ. ಅವಳು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ನಿಂತಳು. ಆಚೆಯಿಂದ ಅರ ಉಜ್ಜುವ ಸದ್ದು ಬರುತ್ತಿತ್ತು, ಕರ್ರ್, ಕರ್ರ್. ಹಲಗೆಯ ಈಚೆ ಯಾರು ನಿಟ್ಟುಸಿರು ಬಿಟ್ಟರೂ ಆಚೆ ಕೇಳುತ್ತದೆ. ಹೊಲಿಗೆಯವಳ ತಂಗಿ ಬಂದಿದ್ದ ಮಧ್ಯಾಹ್ನ ಅವಳಿಗೆ ನೆನಪಾಯಿತು. ಹುಡುಗಿ ತಣ್ಣಗಿದೆ ಎಂದಾಗ ಇಡೀ ಮನೆ ಎಷ್ಟು ನಿಶ್ಶಬ್ದವಾಗಿತ್ತು! ಆ ಹೊತ್ತಿನಲ್ಲಿ ಅರ ನಿಂತಿತ್ತು. ಅಂಚೆಯವರ ದಿನವೂ ನಿಂತಿತ್ತು. ಅವನೂ ಕಿವಿಗೊಟ್ಟು ಎಣಿಸುತ್ತಿದ್ದ ಎನ್ನುವುದು ಇಷ್ಟು ವರ್ಷ ತನಗೆ ಹೊಳೆದೇ ಇರಲಿಲ್ಲವಲ್ಲ ಎಂದು ಚಾಕು ಕೈಯಲ್ಲಿ ಹಿಡಿದೇ ನಿಂತುಬಿಟ್ಟಳು.

ಆರನೆಯ ದಿನ ಬೆಳಿಗ್ಗೆ ಬಿಸಿಲು ಮಂಚದವರೆಗೂ ಬಂದಿತ್ತು. ಗಂಡ ಅಂಗಿ ಬಿಚ್ಚಿ ಬೋರಲು ಮಲಗಿದ. ಅವಳು ಹಿತ್ತಲಿಗೆ ಹೋಗಿ ಎರಡೂ ಕೈಗಳನ್ನು ಬೂದಿ ಹಾಕಿ ತಿಕ್ಕಿದಳು, ಸೋಪು ಹಾಕಿ ತೊಳೆದಳು, ಬೆರಳು ನಾಲಿಗೆಗೆ ಮುಟ್ಟಿಸಿ ನೋಡಿದಳು, ಇನ್ನೊಂದು ಸಲ ತೊಳೆದಳು. ಅಟ್ಟದಿಂದ ಹೊಸ ಡಬ್ಬಿ ಇಳಿಸಿ, ಮೆಣಸಿನಕಾಯಿಯ ಗಾಳಿಯೂ ಸೋಕದ ಬರೀ ಎಳ್ಳೆಣ್ಣೆಯನ್ನು ಹೊಸ ಬಟ್ಟಲಿಗೆ ಬಗ್ಗಿಸಿದಳು. ಆ ಕೋಣೆಯ ಗೋಡೆ, ಚಾಪೆ, ದಿಂಬು ಎಲ್ಲ ಇಪ್ಪತ್ತು ವರ್ಷದ ಘಾಟು ಹಿಡಿದು ಕೂತಿದ್ದವು. ವಾಸನೆಯಿಂದ ಏನೂ ತಿಳಿಯುವಂತಿರಲಿಲ್ಲ.

ಕೂಗದೆ ಇರಲಿ ಎಂದು ಬೇಡಿಕೊಂಡಳು. ಬರೀ ಎಣ್ಣೆಗೆ ಬೆನ್ನು ಸುಮ್ಮನಿದ್ದರೆ, ನಿನ್ನೆ ಮೊನ್ನೆಯ ಉರಿ ನಿಜದ ಉರಿ. ಇವತ್ತು ಸುಮ್ಮನೆ ಮಲಗಿರಿ, ಏನೂ ಅನ್ನಬೇಡಿ. ಕೈ ಬೆನ್ನಿನ ಮೇಲಿಟ್ಟಳು. ಬೆನ್ನು ತಣ್ಣಗಿತ್ತು. ಬಿಸಿಲು ಬಿದ್ದ ಕಡೆಯೂ ತಣ್ಣಗಿತ್ತು. ಹತ್ತು. ಇಪ್ಪತ್ತು. ಅವನ ಪಕ್ಕೆಲುಬು ನಿಧಾನ ಏರುತ್ತಿತ್ತು, ಇಳಿಯುತ್ತಿತ್ತು. ಐವತ್ತು. ಅರವತ್ತು.

"ಅಯ್ಯಯ್ಯೋ! ಉರಿ!" ಎಂದ ಗಂಡ, ಕಾಲು ಬಡಿದು. "ಇವತ್ತಂತೂ ಬೆಂಕಿ ಕಣೇ! ಏನು ಎಣ್ಣೆನೇ ಇದು, ಚರ್ಮ ಸುಲೀತಿದೆ!"

ಅವಳ ಕೈ ನಿಂತಿತು. ಬರೀ ಎಣ್ಣೆಯ ಬಟ್ಟಲನ್ನು ಅವನ ಕಣ್ಣಿಗೆ ಬೀಳದ ಹಾಗೆ ಮಂಚದ ಕೆಳಗೆ ಸರಿಸಿದಳು.

"ಏನು ಗಂಡಸೋ ನೀವು! ಇಷ್ಟಕ್ಕೇ ಹೀಗೆ ಕೂಗ್ತೀರಲ್ಲ, ಬೀದಿಯವರು ಏನಂದ್ಕೋಬೇಕು?"

"ಅಂದ್ಕೊಳ್ಳಲಿ ಬಿಡೆ. ನಿನ್ನ ಎಣ್ಣೆ ಖಾರ ಇಳಿದಿಲ್ಲ ಅಂತ ಎಲ್ಲರಿಗೂ ಗೊತ್ತಾಗ್ಲಿ."

ಅವನ ಹೆಗಲಿನ ಮೇಲೆ ಏನೋ ಬಿತ್ತು. ಒಂದು ಹನಿ, ಹಿಂದೆಯೇ ಇನ್ನೊಂದು. ಅವನು ದಿಂಬಿನಿಂದ ಮುಖ ಎತ್ತದೆಯೇ ಕೇಳಿದ.

"ಏನಾಯ್ತೇ? ಕಣ್ಣಿಗೆ ಖಾರ ಹೋಯ್ತಾ?"

"ಹೂಂ," ಎಂದಳು. "ಮರೆತು ಅದೇ ಕೈಲಿ ಒರೆಸ್ಕೊಂಡೆ."

"ನೀರು ಹಾಕ್ಬೇಡ. ಹೆಚ್ಚಾಗುತ್ತೆ."

"ಗೊತ್ತು. ನೀವು ಅಲ್ಲಾಡದೆ ಮಲಗಿ."

ಅವನು ಅಲ್ಲಾಡದೆ ಮಲಗಿದ. ಅವಳು ಬಗ್ಗಿ, ಎಣ್ಣೆ ಮಿನುಗುವ ಆ ಬಿಳುಚಿದ ಬೆನ್ನಿನ ಮೇಲೆ, ಸುಟ್ಟ ಗಾಯಕ್ಕೆ ಊದುವ ಹಾಗೆ ಮೆಲ್ಲಗೆ ಊದತೊಡಗಿದಳು.