ಮೂಸಿ ನೋಡುವ ಸೋದರತ್ತೆ

ಕುಂಬಳಕಾಯಿ ಕಳ್ಳ ಅಂದರೆ ಕಂಕುಳು ಮುಟ್ಟಿ ನೋಡಿಕೊಂಡನಂತೆ, ನಗಬೇಡಿ, ನಡೆದದ್ದೇ ಹೀಗೆ — ಕೆನ್ನೆಗೆ ಬಡಿದ ಗಾಳಿ ಎಷ್ಟು ಬಿಸಿ, ಶಾಮಿಯಾನದೊಳಗೆಲ್ಲ ಬಾಳೆಕಾಯಿ ಬೇಯುವ ಹಬೆ, ಅದರ ಹಿಂದೆ ಇನ್ನೊಂದು ವಾಸನೆ, ತನ್ನದೇ ಇರಬಹುದೇ, ಮದುವೆ ಗಂಡು ಲುಬೊವಾ ಮೆಲ್ಲಗೆ ಉಸಿರೆಳೆದ, ಹೌದು, ಅಲ್ಲ, ಪಕ್ಕದಲ್ಲಿ ಕೂತ ಗೆಳೆಯ ಕಿಗೋಜಿಯದೋ ಏನೋ, ಸಾಲಾಗಿ ಕೂತ ಹದಿನೈದು ಗಂಡಸರದೂ ಒಂದೇ ವೇಷ, ಬಿಳಿ ಕಾಂಝು ನಿಲುವಂಗಿ, ಮೇಲೊಂದು ಕೋಟು, ಇವರೊಳಗೆ ವರ ಯಾರೆಂದು ಹುಡುಗಿಯ ಸೋದರತ್ತೆ, ಅವರ ಮಾತಿನಲ್ಲಿ ಸೆಂಗಾ, ಹುಡುಕಿ ತೆಗೆಯಬೇಕು, ಸೆಂಗಾ ಕಂಕುಳು ಮೂಸಿ ನೋಡ್ತಾಳೆ ಕಣೋ, ನಾತ ಹೊಡೆದ್ರೆ ಹುಡುಗಿ ಕೊಡಲ್ಲ, ಎಂದು ಕಿಗೋಜಿ ಹೇಳಿ ಮೂರು ವಾರ, ಮೂಸ್ತಾಳಾ? ಮೂಸ್ದೆ ಬಿಡ್ತಾಳಾ, ದನ ಕೊಳ್ಳೋರು ಹಲ್ಲು ನೋಡಲ್ವಾ — ತಾನೋ ದಿನವೆಲ್ಲ ಬಾಡಿಗೆ ಬೈಕು ಓಡಿಸುವವನು, ಬೆನ್ನ ಹಿಂದೆ ಕೂತವರು ಮುಖ ತಿರುಗಿಸುವುದು ಕನ್ನಡಿಯಲ್ಲಿ ಕಾಣುತ್ತದೆ, ಮದುವೆಯಾಗಬೇಕಾದ ಹುಡುಗಿ ನಬುಕೀರ ಮಾತ್ರ ಎರಡು ವರ್ಷದಲ್ಲಿ ಒಮ್ಮೆಯೂ ತಿರುಗಿಸಲಿಲ್ಲ, ಅವಳನ್ನು ಕಳೆದುಕೊಂಡರೆ, ಛೆ — ಆಸ್ಪತ್ರೆಯ ನರ್ಸಮ್ಮ ನಕ್ಕಿದ್ದಳು, ಬೆವರಿಗೆ ವಾಸನೆ ಇಲ್ಲಪ್ಪಾ, ಚರ್ಮದ ಮೇಲಿನ ಸೂಕ್ಷ್ಮಜೀವಿಗಳು ಅದನ್ನ ತಿಂದು ಮಾಡೋ ರಾದ್ಧಾಂತ ಇದು, ದಿನಾ ಸೋಪು ಹಾಕಿ ತೊಳಿ, ಚೆನ್ನಾಗಿ ಒರೆಸ್ಕೋ, ಈ ನೈಲಾನ್ ಅಂಗಿ ಬಿಸಾಕಿ ಹತ್ತಿದು ಹಾಕು, ರಾತ್ರಿ ಬೆವರು ತಡೆಯೋ ಮುಲಾಮು ಹಚ್ಚು, ಎಲ್ಲ ಮಾಡಿದ, ವಾಸಿಯೂ ಆಗಿತ್ತು, ಆದರೂ ಇವತ್ತು ಬೆಳಿಗ್ಗೆ ಕಿಗೋಜಿಯ ಮಾತು ಕೇಳಿ ಕಂಕುಳು ಬೋಳಿಸಿ ನಿಂಬೆಹಣ್ಣು ತಿಕ್ಕಿಕೊಂಡ, ಯಾಕಾದರೂ ತಿಕ್ಕಿಕೊಂಡೆನೋ, ಉರಿ, ಕೆಂಡ ಇಟ್ಟಂಥ ಉರಿ, ತೋಳು ಬಿಗಿಹಿಡಿ, ಇನ್ನೂ ಬಿಗಿ — ಬಂದಳು, ಸೆಂಗಾ ಬಂದಳು, ಮೊದಲು ಕಂಡದ್ದು ಮೂಗು, ಅಗಲ ಮೂಗು, ಒಬ್ಬೊಬ್ಬರ ಮುಂದೆ ನಿಂತು ಮುಂದೆ ಸಾಗುವ ಮೂಗು, ಇವನಲ್ಲ, ಇವನೂ ಅಲ್ಲ, ಈ ಮುದುಕಪ್ಪನಂತೂ ಅಲ್ಲವೇ ಅಲ್ಲ, ಹೆಂಗಸರ ಕಡೆ ಕೇಕೆ, ಮೂಗು ಇಲ್ಲಿಯೇ ನಿಂತಿತು — ಇವನೇ! ಎಲ್ಲರೂ ಗಾಳಿ ಹಾಕ್ಕೊತಿದ್ರೆ ಇವನೊಬ್ಬ ಕಂಕುಳಲ್ಲಿ ಕೋಳಿಮೊಟ್ಟೆ ಬಚ್ಚಿಟ್ಟೋನ ಹಾಗೆ ಕೂತಿದಾನೆ, ಮದುವೆ ಗಂಡಲ್ಲದೆ ಇಷ್ಟು ಹೆದರೋರು ಇನ್ಯಾರು, ಏಳಪ್ಪಾ — ಮೂಸಲೇ ಇಲ್ವಲ್ಲ ಸೆಂಗಾ, ಲುಬೊವಾನ ಬಾಯಿ ಜಾರಿಬಿಟ್ಟಿತು, ಮೂಸೋಕೆ ನಾನೇನು ಬೇಟೆನಾಯೀನಾ, ಯಾವನೋ ನಿಂಗೆ ಹಾಗೆ ಹೇಳಿದ್ದು?, ಕಿಗೋಜಿ ಕೋಟಿನೊಳಗೆ ಮುಖ ಹುದುಗಿಸಿ ನಗು ತಡೆಯಲಾಗದೆ ಕುಲುಕುತ್ತಿದ್ದಾನೆ, ಅಯ್ಯೋ ಪಾಪಿ, ಮೂರು ವಾರ, ಆ ನಿಂಬೆಹಣ್ಣು, ಶಾಮಿಯಾನಕ್ಕೆ ಶಾಮಿಯಾನವೇ ನಗುತ್ತಿದೆ, ಎಲ್ಲಕ್ಕಿಂತ ದೊಡ್ಡ ನಗೆ ಯಾರದು, ತನ್ನದೇ, ತನ್ನ ಗಂಟಲಿನಿಂದಲೇ ಉಕ್ಕಿ ಬರುತ್ತಿದೆ, ನಿಲ್ಲುತ್ತಿಲ್ಲ, ಸೆಂಗಾ ತನ್ನ ಎದೆಗೆ ವರನ ಗುರುತಿನ ಹೂವು ಚುಚ್ಚಲು ಬಗ್ಗಿದ್ದಾಳೆ, ಮೂಗು ಇಷ್ಟು ಹತ್ತಿರ, ಆ ಮೂಗು, ಅದರ ತುದಿಯಲ್ಲಿ ಒಂದು ಹನಿ, ಅವಳದೂ ಬೆವರೇ, ಬೀಳದೆ ತೂಗುವ ಹನಿ, ಹನಿ