ಲಕ್ಕವ್ವನ ಬೇವಿನ ನೀರು

ವಿಜಾಪುರದ ಅಥಣಿ ರಸ್ತೆಯ ಗುಡಿಸಲುಗಳಲ್ಲಿ ಆ ಬೇಸಿಗೆ ಸಿಡುಬು ಕಾಣಿಸಿಕೊಂಡಿತ್ತು. ಪುಣೆಯಲ್ಲಿ ಡಾಕ್ಟರಿಕೆ ಓದುತ್ತಿದ್ದ ಗಂಗಾಬಾಯಿ ರಜೆಗೆ ಬಂದವಳು, ಮನೆಯಲ್ಲಿ ಹಪ್ಪಳ ಒತ್ತುವುದು ಬಿಟ್ಟು ಅಲ್ಲಿಗೆ ನಡೆದಳು. ಸಿಡುಬು ಬಾರದಂತೆ ತೋಳು ಗೀರಿ ಔಷಧ ಹಚ್ಚಿ ದೇವಿ ಹಾಕಲು ಸರಕಾರಿ ನೌಕರ ದಶರಥ ಮರುದಿನ ಬರುವವನಿದ್ದ.

ಮಕ್ಕಳಿಗೆ ದೇವಿ ಹಾಕಿಸಿರೆಂದು ಗಂಗಾಬಾಯಿ ಹೇಳಿದಾಗ ಉಳಿದವರು ಒಪ್ಪಿದರು. ಘೋಣಸಗಿ ಹಳ್ಳಿಯಿಂದ ಕಲ್ಲು ಹೊರುವ ಕೂಲಿಗೆ ಬಂದು ನೆಲೆಸಿದ್ದ ಲಕ್ಕವ್ವ ಮಾತ್ರ ಆರು ತಿಂಗಳ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

“ಒಲ್ಲೆನ್ರಿ. ಹ್ವಾದ ವರ್ಷ ದೊಡ್ಡ ಮಗಳಿಗೆ ಹಾಕ್ಸೀನಿ. ಗುಳ್ಳಿನೂ ಏಳಲಿಲ್ಲ. ಎರಡ ತಿಂಗಳಿಗೆ ಸಿಡುಬು ಬಂದು ಒಂದ ಕಣ್ಣ ಹೋತು. ಮತ್ತ ಅದನ್ನ ನಂಬಂತೀರೇನು?”

ಹೊರಡಲೆಂದು ಎದ್ದ ಗಂಗಾಬಾಯಿ ಮತ್ತೆ ಕೂತಳು.

“ದೇವಿ ಹಾಕಿಸಿ ಮನಿಗೆ ಬಂದ ಮ್ಯಾಲೆ ಏನ ಮಾಡಿದ್ರಿ?”

“ಏನ ಮಾಡೂದು? ದೇವಿತಾಯಿ ತೋಳಿಗೆ ಬಂದಾಳಂತ ಕೂಡ್ಲೇ ಬೇವಿನ ನೀರಿಲೆ ಚಂದಂಗ ತೊಳದು, ಅರಿಷಿಣ ಹಚ್ಚಿ, ಎಡಿ ಮಾಡಿದೆ.”

ಅಲ್ಲಿಗೆ ಗುಟ್ಟು ತಿಳಿಯಿತು. ಹೋದ ವರ್ಷ ದಶರಥ ಬಿಸಿಲಲ್ಲಿ ಓಣಿ ಓಣಿ ಅಲೆದದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗಿತ್ತು. ಆದರೆ ‘ಔಷಧ ತೊಳೆದವಳು ನೀನೇ’ ಎಂದು ಆ ತಾಯಿಗೆ ಹೇಗೆ ಹೇಳುವುದು? ಗಂಗಾಬಾಯಿ ಅವಳ ಹತ್ತಿರಕ್ಕೆ ಸರಿದಳು.

“ಔಷಧ ಒಣಗೋದರಾಗ ತೊಳದ್ರ ಹೋಗಿಬಿಡ್ತದ, ಲಕ್ಕವ್ವ. ನಿಮಗದನ್ನ ಯಾರೂ ಹೇಳಲಿಲ್ಲ. ಗೊತ್ತಿದ್ದೂ ಹೇಳದವರದ ತಪ್ಪು, ನಿಮ್ಮದಲ್ಲ.”

ಲಕ್ಕವ್ವ ದೊಡ್ಡ ಮಗಳನ್ನು ಹತ್ತಿರ ಎಳೆದುಕೊಂಡಳು.

“ತೊಳೀದಿದ್ರ ತಾಯಿ ಸಿಟ್ಟಾಗೂದಿಲ್ಲೇನ್ರಿ?”

“ಪೂಜಿ ಮೊದಲ ಮಾಡ್ರಿ. ತೋಳು ತೊಳದು ಒಣಗಿದ ಮ್ಯಾಲೆ ದೇವಿ ಹಾಕಸ್ರಿ. ಆಮ್ಯಾಲೆ ಗುಳ್ಳಿ ಎದ್ದು, ಒಣಗಿ, ಹಕ್ಕಳಿ ತಾನ ಉದುರೋತನಕ ಕೈ ಹಚ್ಚಬ್ಯಾಡ್ರಿ.”

ಮರುದಿನ ಲಕ್ಕವ್ವನೇ ಎಲ್ಲರಿಗಿಂತ ಮುಂದೆ ನಿಂತಳು. ಎಂಟನೆಯ ದಿನ ಕೂಸಿನ ತೋಳಿನಲ್ಲಿ ತೊಗರಿಕಾಳಿನಷ್ಟು ಗುಳ್ಳೆ ಎದ್ದಿತ್ತು; ದೇವಿ ಹತ್ತಿದ ಗುರುತು ಅದು. ಪರೀಕ್ಷೆ ಪಾಸಾದಾಗಲೂ ಗಂಗಾಬಾಯಿಗೆ ಅಷ್ಟು ಸಂತೋಷವಾಗಿರಲಿಲ್ಲ.

“ಓದು ಮುಗಿದ ಮ್ಯಾಲೆ ಪುಣೇದಾಗ ದವಾಖಾನಿ ಹಾಕ್ತೀರೇನ್ರಿ?” ಎಂದು ಲಕ್ಕವ್ವ ಕೇಳಿದಳು. ಗಂಗಾಬಾಯಿಯ ತಂದೆಯ ಆಸೆಯೂ ಅದೇ ಆಗಿತ್ತು.

“ಅಲ್ಲೆ ಡಾಕ್ಟರು ಬೇಕಾದಷ್ಟು ಇದ್ದಾರ. ನಾ ಈ ಓಣಿಗೇ ಬರ್ತೀನಿ. ಅಪ್ಪಗೂ ಇವತ್ತೇ ಹೇಳ್ತೀನಿ.”

“ನೀವು ಬರೂತನಕ ಇಲ್ಲಿ ಯಾರ ತೋಳಿಗೂ ನೀರ ಬೀಳದಂಗ ನಾ ನೋಡ್ಕೋತೀನ್ರಿ,” ಎಂದಳು ಲಕ್ಕವ್ವ.

ತಾಯಂದಿರೇ, ಕೂಸಿಗೆ ತಪ್ಪದೆ ದೇವಿ ಹಾಕಿಸಿರಿ. ಪೂಜೆ ಮೊದಲು ಮುಗಿಸಿರಿ, ಗೀರಿದ ತೋಳನ್ನು ತೊಳೆಯಬೇಡಿರಿ. ಇಷ್ಟು ತಿಳಿದುಕೊಂಡು ಸುಮ್ಮನಿರಬೇಡಿ, ಇಂದೇ ನೆರೆಮನೆಯವಳಿಗೂ ಹೇಳಿರಿ. ಲಕ್ಕವ್ವನಿಗೆ ಒಂದು ವರ್ಷ ಮೊದಲು ಯಾರೂ ಹೇಳಿರಲಿಲ್ಲ.